ಊರಲ್ಲಿ ವಾಂತಿ-ಭೇದಿ ಶುರುವಾದರೆ: ಮೊದಲ ರೋಗಿಯಿಂದ ಕೊನೆಯ ರೋಗಿಯವರೆಗೆ ಏನೇನು ಮಾಡಬೇಕು

ಬೇಸಿಗೆ ಮುಗಿದು ಮುಂಗಾರಿನ ಮೊದಲ ಎರಡು-ಮೂರು ಮಳೆ ಬಿದ್ದ ವಾರ. ಬೋರ್‌ವೆಲ್ ನೀರು ತಳ ಕಂಡಿರುತ್ತದೆ, ಚರಂಡಿ ಮಾತ್ರ ತುಂಬಿ ಹರಿಯುತ್ತಿರುತ್ತದೆ. ವಾಂತಿ-ಭೇದಿಯ ಸುದ್ದಿ ಜಾಸ್ತಿ ಬರುವುದು ಇದೇ ಹೊತ್ತಿನಲ್ಲಿ. 2022ರಲ್ಲಿ ರಾಯಚೂರು ನಗರ, 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಅದೇ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿ. ಮೂರೂ ಕಡೆ ಕಲುಷಿತ ನೀರು ಕುಡಿದು ಜನ ಸತ್ತರು. ಓಆರ್‌ಎಸ್ ಪೊಟ್ಟಣ ಪ್ರತಿ ಊರಿಗೂ ತಲುಪುವ ಈ ಕಾಲದಲ್ಲಿ ಭೇದಿಯಿಂದ ಒಬ್ಬರೂ ಸಾಯಬಾರದು.

ಕಾಯಿಲೆ ಬಂದ ದಿನ ಊರಲ್ಲಿ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಚರಂಡಿ ಅಂಚಿಗೆ ಬಿಳಿ ಪುಡಿ ಚೆಲ್ಲುತ್ತಾರೆ. ಶಾಲೆಯಲ್ಲಿ ಕ್ಯಾಂಪ್ ಹಾಕುತ್ತಾರೆ. ಗ್ಲೂಕೋಸ್ ಏರಿಸುತ್ತಾರೆ. ಕ್ಯಾಂಪ್ ಬೇಕೇ ಬೇಕು. ಆದರೆ ಯಾರಿಗೆ ಬಂತು, ಯಾವಾಗ ಬಂತು, ಅವರು ಎಲ್ಲಿಯ ನೀರು ಕುಡಿದಿದ್ದರು ಅಂತ ಎಷ್ಟೋ ಕಡೆ ಯಾರೂ ಬರೆದಿಡುವುದಿಲ್ಲ. ಬರೆಯದಿದ್ದರೆ ಕಾಯಿಲೆಯ ಮೂಲ ತಿಳಿಯುವುದಿಲ್ಲ. ಮೂಲ ತಿಳಿಯದಿದ್ದರೆ ನಾಳೆ ಬೆಳಿಗ್ಗೆ ಅದೇ ನಲ್ಲಿಯಲ್ಲಿ ಅದೇ ನೀರು ಬರುತ್ತದೆ, ಅಲ್ವಾ?

ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು, ಊರಿನ ಯುವಕ ಸಂಘದವರು ಎಲ್ಲರೂ ಮಾಡಬಹುದಾದ ಕೆಲಸ ಇದು. ಒಂದು ನೋಟ್‌ಬುಕ್, ಒಂದು ಪೆನ್ನು ಕೈಗೆ ತೆಗೆದುಕೊಳ್ಳಿ. ವೈದ್ಯರ ಕೆಲಸ ವೈದ್ಯರಿಗೆ ಬಿಡಿ. ಉಳಿದ ಅರ್ಧ ಕೆಲಸ ನಿಮ್ಮದು.

1. ಮೊದಲು ಜೀವ ಉಳಿಸಿ

ಭೇದಿಯಲ್ಲಿ ಮನುಷ್ಯನನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದಿಂದ ಸೋರಿಹೋಗುವ ನೀರು ಮತ್ತು ಉಪ್ಪು. ಕಾಲರಾ ಜೋರಾಗಿದ್ದರೆ ಗಟ್ಟಿಮುಟ್ಟಾದ ಆಳು ಕೂಡ ಕೆಲವೇ ಗಂಟೆಗಳಲ್ಲಿ ಕುಸಿದು ಬೀಳುತ್ತಾನೆ. ಆದ್ದರಿಂದ ಹೋದಷ್ಟು ನೀರನ್ನು ವಾಪಸ್ ತುಂಬಬೇಕು.

ಒಂದು ಪೊಟ್ಟಣ ಓಆರ್‌ಎಸ್‌ಗೆ 1 ಲೀಟರ್ ಶುದ್ಧ ನೀರು. ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸಿ. ಅರ್ಧ ಲೋಟ ನೀರಿಗೆ ಸ್ವಲ್ಪ ಪುಡಿ ಅಂತ ಕಣ್ಣಂದಾಜಿನಲ್ಲಿ ಕಲಸಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. (ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಅದರ ಮೇಲೆ ಬರೆದಷ್ಟೇ ನೀರು ಹಾಕಿ.) ಕಲಸಿದ್ದನ್ನು 24 ಗಂಟೆಯೊಳಗೆ ಕುಡಿದು ಮುಗಿಸಿ, ಉಳಿದರೆ ಚೆಲ್ಲಿ. ಪೊಟ್ಟಣ ಬರುವುದು ತಡವಾದರೆ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಶುರು ಮಾಡಿ. ಚಮಚ ಗೋಪುರದ ಹಾಗೆ ಇರಬಾರದು, ಮಟ್ಟಸವಾಗಿರಬೇಕು.

ಎಷ್ಟು ಕೊಡಬೇಕು? ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಕುಡಿಯುವಷ್ಟು. ವಾಂತಿಯಾದರೆ ನಿಲ್ಲಿಸಬೇಡಿ. 10 ನಿಮಿಷ ತಡೆದು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರು ಮಾಡಿ. ತಾಯಿಹಾಲು ನಿಲ್ಲಿಸಲೇಬಾರದು. ಗಂಜಿ, ಮೆತ್ತಗಿನ ಅನ್ನ ಕೊಡಿ. ಹೊಟ್ಟೆ ಖಾಲಿ ಇಟ್ಟರೆ ಭೇದಿ ನಿಲ್ಲುತ್ತದೆ ಅನ್ನುವುದು ಹಳೆಯ ತಪ್ಪು ನಂಬಿಕೆ, ಅದರಿಂದ ಮಕ್ಕಳು ಇನ್ನಷ್ಟು ಬಡವಾಗುತ್ತಾರೆ. 6 ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ ಸತುವಿನ (ಜಿಂಕ್) ಮಾತ್ರೆ, ಭೇದಿ ನಿಂತ ಮೇಲೂ ಬಿಡದೆ ಒಟ್ಟು 14 ದಿನ. ಆಶಾ ಹತ್ತಿರ ಕೇಳಿ.

ಕಣ್ಣು ಗುಳಿಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಕೆಳಗಿಳಿಯುವುದಿಲ್ಲ, ಮಂಪರಿನಲ್ಲಿದ್ದಾರೆ, ಕುಡಿಯಲು ಆಗುತ್ತಿಲ್ಲ, ಮೂತ್ರ ನಿಂತಿದೆ: ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಅವರಿಗೆ ರಕ್ತನಾಳದ ಮೂಲಕ ನೀರು ಏರಿಸಬೇಕಾಗಬಹುದು. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ, ಕುಡಿಯುವ ಶಕ್ತಿ ಇದ್ದರೆ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡುತ್ತಿರಿ.

ಈ ಪುಡಿಯ ಶಕ್ತಿಯ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ 1971ರ ಕಥೆ ಹೇಳಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿತ್ತು. ಡ್ರಿಪ್ ಬಾಟಲ್ ಮುಗಿಯುತ್ತಾ ಬಂದಿತ್ತು. ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದ ಕಡೆ ಅದು 4ಕ್ಕಿಂತ ಕೆಳಗೆ ಇಳಿಯಿತು.

2. ಮುಚ್ಚಿಡಬೇಡಿ, ತಿಳಿಸಿ

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಿಡಿಓಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಅದೇ ದಿನ ತಿಳಿಸಿ. ಯಾರೂ ಸಿಗದಿದ್ದರೆ 104 ಸಹಾಯವಾಣಿ ಇದೆ. ಜಾತ್ರೆ ಹತ್ತಿರ ಇದೆ, ಊರಿನ ಹೆಸರು ಕೆಡುತ್ತದೆ ಅಂತ ಎರಡು ದಿನ ಸುಮ್ನೆ ಇದ್ದರೆ ಆ ಎರಡು ದಿನಕ್ಕೆ ಬೆಲೆ ತೆರುವವರು ಮಕ್ಕಳು ಮತ್ತು ಮುದುಕರು.

ಎಷ್ಟು ಜನಕ್ಕೆ ಬಂದರೆ ತಿಳಿಸಬೇಕು? ಒಂದೇ ಕೇರಿಯಲ್ಲಿ, ಒಂದೇ ವಾರದಲ್ಲಿ ವಾಡಿಕೆಗಿಂತ ಜಾಸ್ತಿ ಜನಕ್ಕೆ ಭೇದಿಯಾದರೆ ಸಾಕು. ದೊಡ್ಡವರೊಬ್ಬರಿಗೆ ಅಕ್ಕಚ್ಚಿನಂಥ ಬಿಳಿ ನೀರು ಭೇದಿಯಾಗಿ ಕೆಲವೇ ಗಂಟೆಯಲ್ಲಿ ಸುಸ್ತಾಗಿ ಬಿದ್ದರೆ ಎರಡನೆಯವರಿಗೆ ಕಾಯಬೇಡಿ. ಅದು ಕಾಲರಾ ಇರಬಹುದು. ಊರಿನಲ್ಲೇ ತಗುಲಿದ ಕಾಲರಾ ಒಬ್ಬರಲ್ಲಿ ಖಚಿತವಾದರೂ ಅದನ್ನು ರೋಗಸ್ಫೋಟ ಎಂದೇ ಲೆಕ್ಕ ಹಿಡಿಯುತ್ತಾರೆ.

3. ಬ್ಲೀಚಿಂಗ್ ಪೌಡರ್‌ಗಿಂತ ಮೊದಲು ಸ್ಯಾಂಪಲ್

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಬೇಕು ಅನ್ನಿಸುತ್ತದೆ. ಸುದ್ದಿ ಬಂದ ತಕ್ಷಣ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದು, ಆಮೇಲೆ ನೀರು ಹಿಡಿದು ಲ್ಯಾಬ್‌ಗೆ ಕಳಿಸುತ್ತಾರೆ. ವರದಿ ಬರುತ್ತದೆ: "ನೀರು ಕುಡಿಯಲು ಯೋಗ್ಯ". ಯಾಕೆ ಬರುವುದಿಲ್ಲ? ಕ್ಲೋರಿನ್ ಬಿದ್ದ ಮೇಲೆ ಕ್ರಿಮಿ ಇರುತ್ತದೆಯೇ? ಆ ಕಾಗದದಿಂದ ಪೈಪ್ ಸರಿ ಇದೆ ಅನ್ನುವ ಸುಳ್ಳು ಸಮಾಧಾನ ಹುಟ್ಟುತ್ತದೆ.

ಹಾಗಾಗಿ ಆರೋಗ್ಯ ಇಲಾಖೆಯವರು ಕೊಡುವ ಕ್ರಿಮಿಮುಕ್ತ ಬಾಟಲಿಯಲ್ಲಿ ಮೊದಲು ನೀರು ಹಿಡಿಯಿರಿ. ಟ್ಯಾಂಕಿನಿಂದ ಒಂದು, ರೋಗಿಗಳಿರುವ ಬೀದಿಯ ನಲ್ಲಿಯಿಂದ ಒಂದು, ಕಾಯಿಲೆ ಇಲ್ಲದ ಬೀದಿಯಿಂದ ಒಂದು, ರೋಗಿಯ ಮನೆಯ ಕೊಡದಿಂದ ಒಂದು. ಬಾಟಲಿಯ ಬಾಯಿಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಅದರೊಳಗೆ ಇರುವ ಚಿಟಿಕೆ ಪುಡಿಯನ್ನು ತೊಳೆದು ಹಾಕಬೇಡಿ, ಅದು ನೀರಿನಲ್ಲಿ ಅಳಿದುಳಿದ ಕ್ಲೋರಿನ್ ಅನ್ನು ಅಡಗಿಸಲು ಇಟ್ಟದ್ದು. ಐಸ್ ಇರುವ ಡಬ್ಬಿಯಲ್ಲಿ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಪಂಚಾಯಿತಿಯಲ್ಲಿ ಎಚ್‌2ಎಸ್ ಬಾಟಲ್ ಇದ್ದರೆ ಅದಕ್ಕೂ ನೀರು ತುಂಬಿಸಿ ಇಡಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಸೋಂಕು ಇದೆ ಎಂದು ಅನುಮಾನ ಪಡಬೇಕು.

ರೋಗಿಗಳ ಮಲದ ಸ್ಯಾಂಪಲ್‌ ಕೂಡ ಹಾಗೆಯೇ. ಆ್ಯಂಟಿಬಯಾಟಿಕ್ ಕೊಡುವ ಮೊದಲು ತೆಗೆಯಬೇಕು. ಎಲ್ಲರದ್ದೂ ಬೇಡ, ಹೊಸದಾಗಿ ಕಾಯಿಲೆ ಬಿದ್ದ ಕೆಲವರದ್ದು ಸಾಕು. ಇದು ಆಸ್ಪತ್ರೆಯವರ ಕೆಲಸ, ನೀವು ನೆನಪಿಸಿದರೆ ಆಯಿತು.

ಸ್ಯಾಂಪಲ್ ಹಿಡಿದಾಯಿತೇ? ಇನ್ನು ವರದಿಗೆ ಕಾಯಬೇಡಿ. ಅದೇ ಗಂಟೆಯಲ್ಲಿ ಕ್ಲೋರಿನ್ ಹಾಕಲು ಶುರು ಮಾಡಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

4. ನೋಟ್‌ಬುಕ್ ತೆರೆಯಿರಿ

ಮೊದಲು ಯಾರನ್ನು ರೋಗಿ ಅಂತ ಲೆಕ್ಕ ಹಿಡಿಯುತ್ತೀರಿ ಎಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ: "ಜೂನ್ 1ರಿಂದ ಈಚೆಗೆ, ಈ ಊರಲ್ಲಿ ಇದ್ದವರಲ್ಲಿ, 24 ಗಂಟೆಯೊಳಗೆ 3 ಸಲ ಅಥವಾ ಅದಕ್ಕಿಂತ ಜಾಸ್ತಿ ನೀರು ಭೇದಿಯಾದ ಯಾರೇ ಆಗಲಿ." ಈ ಒಂದು ವಾಕ್ಯ ಇಲ್ಲದಿದ್ದರೆ ಒಬ್ಬರು ಹೊಟ್ಟೆನೋವನ್ನೂ ಎಣಿಸುತ್ತಾರೆ, ಇನ್ನೊಬ್ಬರು ಆಸ್ಪತ್ರೆ ಸೇರಿದವರನ್ನು ಮಾತ್ರ ಎಣಿಸುತ್ತಾರೆ. ಸಂಜೆಗೆ ಎರಡು ಲೆಕ್ಕ ಬರುತ್ತದೆ.

ಆಮೇಲೆ ಮನೆ ಮನೆಗೆ ಹೋಗಿ. ಕ್ಯಾಂಪಿಗೆ ಬಂದವರನ್ನು ಮಾತ್ರ ಬರೆದರೆ ಸಾಲದು. ಪೇಟೆಯ ಖಾಸಗಿ ಆಸ್ಪತ್ರೆಗೆ ಹೋದವರು, ಮನೆಯಲ್ಲೇ ಮಲಗಿದವರು, ಕೂಲಿ ಹೋಗುತ್ತದೆ ಅಂತ ಭೇದಿಯಲ್ಲೇ ಹೊಲಕ್ಕೆ ಹೋದವರು ಎಲ್ಲರೂ ಪುಸ್ತಕಕ್ಕೆ ಬರಬೇಕು. ಒಬ್ಬರಿಗೆ ಒಂದು ಸಾಲು:

- ಹೆಸರು, ವಯಸ್ಸು, ಗಂಡೋ ಹೆಣ್ಣೋ
- ಮನೆ ಎಲ್ಲಿ, ಯಾವ ಬೀದಿ, ಮನೆಯಲ್ಲಿ ಒಟ್ಟು ಎಷ್ಟು ಜನ
- ಭೇದಿ ಶುರುವಾದ ದಿನ ಮತ್ತು ಹೊತ್ತು (ಆಸ್ಪತ್ರೆಗೆ ಹೋದ ದಿನ ಅಲ್ಲ)
- ವಾಂತಿ, ಜ್ವರ, ಮಲದಲ್ಲಿ ರಕ್ತ ಇದೆಯೇ
- ಹಿಂದಿನ 5 ದಿನ ಕುಡಿದ ನೀರು ಎಲ್ಲಿಯದು: ನಲ್ಲಿ, ತೊಂಬೆ, ಬಾವಿ, ಶುದ್ಧ ನೀರಿನ ಘಟಕ
- ಮದುವೆ, ತಿಥಿ, ಜಾತ್ರೆ ಊಟ ಮಾಡಿದ್ದರೇ
- ಈಗ ಹೇಗಿದ್ದಾರೆ

ನೀರಿನ ಪ್ರಶ್ನೆಯನ್ನು ಬೇಗ ಬೇಗ ಮುಗಿಸಬೇಡಿ. "ಫಿಲ್ಟರ್ ನೀರೇ ಕುಡಿಯೋದು" ಅಂತ ಎಲ್ಲರೂ ಅನ್ನುತ್ತಾರೆ. "ಕ್ಯಾನ್ ಖಾಲಿಯಾದ ದಿನ?" "ಹೊಲದಲ್ಲಿ?" "ಮಗು ಶಾಲೆಯಲ್ಲಿ?" ಅಂತ ಕೇಳಿ. ಅಜ್ಜಿಯರ ಹತ್ತಿರ ಕುಳಿತು ಕೇಳಿ, ಮನೆಯಲ್ಲಿ ಯಾರು ಯಾವಾಗ ಏನು ಕುಡಿದರು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ಪುಸ್ತಕವನ್ನು ಫೋಟೋ ಹೊಡೆದು ವಾಟ್ಸ್ಆ್ಯಪ್‌ ಗುಂಪಿಗೆ ಹಾಕಬೇಡಿ. ಅದರಲ್ಲಿ ಜನರ ಕಾಯಿಲೆ ಇದೆ.

5. ನಕ್ಷೆಯ ಮೇಲೆ ಚುಕ್ಕೆ, ದಿನಕ್ಕೊಂದು ಕಂಬ

ಒಂದು ಹಾಳೆಯಲ್ಲಿ ಊರಿನ ನಕ್ಷೆ ಬರೆಯಿರಿ. ಬೀದಿಗಳು, ಓವರ್‌ಹೆಡ್ ಟ್ಯಾಂಕ್, ತೊಂಬೆಗಳು, ಪೈಪ್ ಹೋಗುವ ದಾರಿ, ಚರಂಡಿ. ಪ್ರತಿ ರೋಗಿಗೆ ಒಂದು ಕೆಂಪು ಚುಕ್ಕೆ. ಇನ್ನೊಂದು ಹಾಳೆಯಲ್ಲಿ ಕೆಳಗೆ ದಿನಾಂಕಗಳು, ಮೇಲಕ್ಕೆ ಆ ದಿನ ಕಾಯಿಲೆ ಬಿದ್ದವರಿಗೆ ಒಬ್ಬರಿಗೊಂದು ಚೌಕ. ಚೌಕಗಳು ಕಂಬದ ಹಾಗೆ ಏರುತ್ತವೆ.

ಕಂಬಗಳ ಆಕಾರ ಬಹಳ ಹೇಳುತ್ತದೆ. ಒಂದೆರಡು ದಿನದಲ್ಲಿ ಜೋರಾಗಿ ಏರಿ ಹಾಗೆಯೇ ಇಳಿದರೆ ಎಲ್ಲರೂ ಒಂದೇ ಹೊತ್ತಿನಲ್ಲಿ ಏನನ್ನೋ ತಿಂದಿದ್ದಾರೆ ಅಥವಾ ಕುಡಿದಿದ್ದಾರೆ. ಮಧ್ಯಾಹ್ನ 1ಕ್ಕೆ ಮದುವೆ ಊಟ ಮಾಡಿದವರೆಲ್ಲ 4-5 ಗಂಟೆಗೇ ವಾಂತಿ ಮಾಡುತ್ತಿದ್ದರೆ ನೀರಿಗಿಂತ ಊಟದ ಮೇಲೆ ಅನುಮಾನ ಜಾಸ್ತಿ ಇರಲಿ, ಹಳಸಿದ ಆಹಾರದ ವಿಷ ಅಷ್ಟು ಬೇಗ ಕೆಲಸ ಮಾಡುತ್ತದೆ. ಕಾಲರಾ ಹಾಗಲ್ಲ. ರೋಗಾಣು ಹೊಟ್ಟೆ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಕೆಲವು ಗಂಟೆಗಳಿಂದ 5 ದಿನದವರೆಗೆ ತೆಗೆದುಕೊಳ್ಳುತ್ತದೆ. ಕಂಬಗಳು ದಿನವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಬರುತ್ತಲೇ ಇದ್ದರೆ ಕೆಟ್ಟ ನೀರು ಇನ್ನೂ ಹರಿಯುತ್ತಿದೆ ಎಂದು ತಿಳಿಯಿರಿ.

6. ಭಾಗಿಸಿ ನೋಡಿ, ಆರೋಗ್ಯವಾಗಿ ಇರುವವರನ್ನೂ ಕೇಳಿ

ಬರೀ ಎಣಿಕೆ ಮೋಸ ಮಾಡುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇಲಿನ ಕೇರಿಯಲ್ಲಿ 27 ರೋಗಿಗಳು, ಕೆಳಗಿನ ಕೇರಿಯಲ್ಲಿ 24. ಮೇಲಿನ ಕೇರಿಯಲ್ಲೇ ತೊಂದರೆ ಅನ್ನಿಸುತ್ತದೆ. ಆದರೆ ಮೇಲಿನ ಕೇರಿಯಲ್ಲಿ 900 ಜನ ಇದ್ದಾರೆ, ಕೆಳಗಿನ ಕೇರಿಯಲ್ಲಿ 150. ಈಗ ಭಾಗಿಸಿ. ಮೇಲೆ ನೂರಕ್ಕೆ 3, ಕೆಳಗೆ ನೂರಕ್ಕೆ 16. ಕಾಯಿಲೆಯ ಬುಡ ಕೆಳಗಿನ ಕೇರಿಯ ಪೈಪಿನಲ್ಲಿ ಇರುವ ಹಾಗಿದೆ. ಇದಕ್ಕೆ ಆರೋಗ್ಯ ಇಲಾಖೆಯವರು ದಾಳಿ ದರ ಅನ್ನುತ್ತಾರೆ. ಪುಸ್ತಕದಲ್ಲಿ ಮನೆಯ ಒಟ್ಟು ಜನರ ಸಂಖ್ಯೆ ಬರೆದುಕೊಂಡಿದ್ದರೆ ಮಾತ್ರ ಈ ಲೆಕ್ಕ ಸಾಧ್ಯ.

ಇನ್ನು ಮೇಲಿನ ಕೇರಿಯ ಆ 27 ಜನ. ಅವರಲ್ಲಿ ಕೆಳಗಿನ ಕೇರಿಯ ಹೋಟೆಲಿನಲ್ಲಿ ನೀರು ಕುಡಿದವರು, ಅಲ್ಲಿನ ನೆಂಟರ ಮನೆಗೆ ಹೋದವರು ಎಷ್ಟು ಅಂತ ನೋಡಿ. ಕೆಳಗಿನ ಕೇರಿಯಲ್ಲೇ ಇದ್ದೂ ಕಾಯಿಲೆ ಬೀಳದ ಮನೆಗಳಿಗೂ ಹೋಗಿ. ಹೆಚ್ಚಿನವರು ಈ ಕೆಲಸ ಮಾಡುವುದೇ ಇಲ್ಲ, ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದೇ. ಆ ಮನೆಗಳಲ್ಲಿ ನೀರು ಕುದಿಸುತ್ತಾರೆಯೇ? ಸ್ವಂತ ಬೋರ್ ಇದೆಯೇ?

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ವೈದ್ಯ ಜಾನ್ ಸ್ನೋ ಮಾಡಿದ್ದು ಇದನ್ನೇ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಅಲ್ಲಿನ ದೊಡ್ಡವರೆಲ್ಲ ನಂಬಿದ್ದ ಕಾಲ. ಸ್ನೋ ಮನೆ ಮನೆಗೆ ಹೋಗಿ, ಸತ್ತವರು ಯಾವ ಪಂಪಿನ ನೀರು ಕುಡಿದಿದ್ದರು ಎಂದು ಕೇಳಿ ಬರೆದುಕೊಂಡರು. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಕಾಯಿಲೆ ಬಂದಿರಲಿಲ್ಲ, ಅವರು ಆ ಪಂಪಿನ ನೀರು ಮುಟ್ಟುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಿದ್ದರು. ಆ ನೀರಿನ ರುಚಿ ಇಷ್ಟ ಅಂತ ಅವರು ಅದನ್ನು ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಈ ಎರಡೂ ಸಂಗತಿ ಒಂದೇ ಪಂಪಿನ ಕಡೆಗೆ ಬೆರಳು ತೋರಿದವು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಿದರು. ಆಮೇಲೆ ಅಗೆದು ನೋಡಿದರೆ, ಭೇದಿಯಿಂದ ಸತ್ತ ಒಂದು ಹಸುಗೂಸಿನ ಬಟ್ಟೆ ತೊಳೆದ ನೀರು ಹೋಗುತ್ತಿದ್ದ ಗುಂಡಿ, ಬಾವಿಗೆ ತೀರಾ ಹತ್ತಿರದಲ್ಲಿ ಸೋರುತ್ತಿತ್ತು. ಕಾಲರಾ ರೋಗಾಣು ಹೀಗಿದೆ ಎಂದು ಜಗತ್ತಿಗೆ ಗೊತ್ತಿಲ್ಲದ ಕಾಲದಲ್ಲಿ ಈ ಕೆಲಸ ಆಯಿತು.

7. ನೀರಗಂಟಿಯ ಜೊತೆ ಪೈಪಿನ ಉದ್ದಕ್ಕೂ ನಡೆಯಿರಿ

ಊರಿನ ನೀರಿನ ಗುಟ್ಟೆಲ್ಲ ಗೊತ್ತಿರುವುದು ನೀರು ಬಿಡುವವರಿಗೆ. ಅವರನ್ನು ಆರೋಪಿಯ ಹಾಗೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಏನೂ ಹೇಳುವುದಿಲ್ಲ. "ಅಣ್ಣಾ, ಎಲ್ಲಿ ಲೀಕ್ ಇದೆ, ಸ್ವಲ್ಪ ತೋರಿಸಿ" ಅಂತ ಜೊತೆಗೆ ಹೋಗಿ.

ಚರಂಡಿಯ ಒಳಗೇ ಪೈಪ್ ಹೋಗಿದೆಯೇ? ವಾಲ್ವ್ ಗುಂಡಿಯಲ್ಲಿ ಕೊಳಕು ನೀರು ನಿಂತಿದೆಯೇ? ರಸ್ತೆ ಅಗೆದ ಕಡೆ ಪೈಪ್ ಒಡೆದು ರಬ್ಬರ್ ಟ್ಯೂಬ್ ಸುತ್ತಿದ್ದಾರೆಯೇ? ನೀರಿನ ರಭಸ ಕಡಿಮೆ ಅಂತ ಮನೆ ಮುಂದೆ ಗುಂಡಿ ತೋಡಿ ನಲ್ಲಿಯನ್ನು ತಗ್ಗಿನಲ್ಲಿ ಇಟ್ಟಿದ್ದಾರೆಯೇ? ಪೈಪಿಗೇ ಮೋಟಾರ್ ಹಾಕಿ ಎಳೆಯುತ್ತಾರೆಯೇ? ಎರಡು-ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಮುಖ್ಯ ತೊಂದರೆ ಏನೆಂದರೆ, ನೀರು ಬರುವಾಗ ಒಡಕಿನಿಂದ ಹೊರಗೆ ಸೋರುತ್ತದೆ, ನೀರು ನಿಂತಾಗ ಅದೇ ಒಡಕಿನಿಂದ ಚರಂಡಿ ಒಳಗೆ ಇಳಿಯುತ್ತದೆ. ಮರುದಿನ ಮೊದಲ ಕೊಡದಲ್ಲಿ ಬರುವುದು ಅದೇ ನೀರು.

ಪೈಪಿನ ಕೊನೆಯಲ್ಲಿ ಯಾರ ಕೇರಿ ಇದೆ ಎಂದೂ ನೋಡಿ. ಎಷ್ಟೋ ಊರುಗಳಲ್ಲಿ ಅದು ದಲಿತರ ಕೇರಿ, ಕೂಲಿಕಾರರ ಗುಡಿಸಲು. ರಿಪೇರಿ ಕೊನೆಗೆ ತಲುಪುವುದು ಅಲ್ಲಿಗೇ. "ಅವರು ಸ್ವಚ್ಛ ಇರಲ್ಲ, ಅದಕ್ಕೇ ಬಂತು" ಅನ್ನುವ ಮಾತು ಎದ್ದರೆ ನಿಮ್ಮ ನಕ್ಷೆ ತೆಗೆದು ತೋರಿಸಿ.

8. ಕೆಟ್ಟ ನೀರು ನಿಲ್ಲಿಸಿ, ಒಳ್ಳೆಯ ನೀರು ಕೊಡಿ

ಎರಡೂ ಒಟ್ಟಿಗೆ ಆಗಬೇಕು. ಬದಲಿ ನೀರು ಕೊಡದೆ ನಲ್ಲಿ ಬಂದ್ ಮಾಡಿದರೆ ಜನ ಹಳ್ಳಕ್ಕೆ ಹೋಗುತ್ತಾರೆ. ಟ್ಯಾಂಕರ್ ತರಿಸಿ, ಆದರೆ ಟ್ಯಾಂಕರ್ ನೀರಿಗೂ ಕ್ಲೋರಿನ್ ಬೇಕು. ತುಂಬಿಸುವಾಗಲೇ ಲೀಟರಿಗೆ 2 ಮಿ.ಗ್ರಾಂ ಕ್ಲೋರಿನ್ ಉಳಿಯುವಂತೆ ನೋಡಿಕೊಳ್ಳಿ.

ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್? ಮೊದಲು ನೀರು ಎಷ್ಟಿದೆ ಅಂತ ಲೆಕ್ಕ ಹಾಕಿ. ದುಂಡು ಬಾವಿಯ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1000ದಿಂದ ಗುಣಿಸಿದರೆ ಲೀಟರ್ ಬರುತ್ತದೆ. ಅಳತೆ ಎಲ್ಲ ಮೀಟರಿನಲ್ಲಿ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ, ಅಂದರೆ ಈ ಬಾವಿಗೆ 70 ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಇದು ಸ್ವಚ್ಛ ನೀರಿನ ಲೆಕ್ಕ. ಕೊಳೆ ಇದ್ದರೆ ಕ್ಲೋರಿನ್ ಅಲ್ಲೇ ಖರ್ಚಾಗಿ ಹೋಗುತ್ತದೆ, ಆಗ ಜಾಸ್ತಿ ಬೇಕಾಗುತ್ತದೆ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ತಿರುವಿ, 10 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಸಿದು ಬಾವಿಗೆ ಇಳಿಸಿ ಚೆನ್ನಾಗಿ ಕಲಕಿ. 1 ಗಂಟೆ ಯಾರೂ ನೀರು ಸೇದಬಾರದು. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗವಸು ಹಾಕಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಇದು ಎಂದೂ ಸೇರಬಾರದು, ವಿಷಗಾಳಿ ಏಳುತ್ತದೆ. ಚೀಲ ಬಾಯಿ ತೆರೆದು ಬಿಸಿಲಲ್ಲಿ, ತೇವದಲ್ಲಿ ಇಟ್ಟ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಘಾಟು ಇಲ್ಲದ ಹಳೇ ಚೀಲವನ್ನು ನಂಬಬೇಡಿ.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಟ್ಯಾಂಕಿನ ಹತ್ತಿರ ಅಲ್ಲ, ಕೊನೆಯ ಕೇರಿಯ ಕೊನೆಯ ನಲ್ಲಿಯಲ್ಲಿ. ಪಂಚಾಯಿತಿಯ ಕಿಟ್‌ನಿಂದ ಬಣ್ಣ ಹೋಲಿಸಿ ನೋಡಬಹುದು. ಸಾಮಾನ್ಯ ದಿನಗಳಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ, ಕಾಯಿಲೆ ಇರುವಾಗ 0.5 ಮಿ.ಗ್ರಾಂ ಕ್ಲೋರಿನ್ ಅಲ್ಲಿ ಉಳಿದಿರಬೇಕು. ಇಲ್ಲದಿದ್ದರೆ ಪ್ರಮಾಣ ಹೆಚ್ಚಿಸಿ. ಚರಂಡಿ ಪಕ್ಕ ಚೆಲ್ಲುವ ಪುಡಿಗೆ ಬಳಸುವ ಹಣ, ಆಳು ಎಲ್ಲವನ್ನೂ ಇಲ್ಲಿಗೆ ಹಾಕಿ ಅಂತ ಕೈಮುಗಿದು ಕೇಳುತ್ತೇನೆ.

ಮನೆಯ ಮಟ್ಟಿಗೆ ನಾಲ್ಕು ಮಾತು. ನೀರು ಕೊತ ಕೊತ ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಕುದಿಸಿ, ಮುಚ್ಚಿಡಿ. ಕೊಡಕ್ಕೆ ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟು ಬಳಸಿ. ಊಟಕ್ಕೆ ಮೊದಲು, ಶೌಚದ ನಂತರ, ಮಗುವಿನ ಮಲ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ರೋಗಿಯ ಬಟ್ಟೆಯನ್ನು ಬಾವಿಕಟ್ಟೆ, ಕೆರೆ, ತೊಂಬೆಯ ಹತ್ತಿರ ಒಗೆಯಲೇಬೇಡಿ. ಲಂಡನ್ನಿನ ಆ ಹಸುಗೂಸಿನ ಬಟ್ಟೆ ನೆನಪಿರಲಿ.

9. ಮುಗಿಯಿತು ಅನ್ನುವುದು ಯಾವಾಗ

ಕ್ಯಾಂಪ್ ಖಾಲಿಯಾದ ದಿನ ಅಲ್ಲ. ಕಾಲರಾ ಆಗಿದ್ದರೆ ಕೊನೆಯ ಹೊಸ ರೋಗಿ ಬಂದು 10 ದಿನ ಕಳೆಯಬೇಕು, ಅಂದರೆ ರೋಗಾಣು ಹೊಟ್ಟೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಹೆಚ್ಚೆಂದರೆ ಹಿಡಿಯುವ 5 ದಿನದ ಎರಡು ಪಟ್ಟು. ಅಲ್ಲಿಯವರೆಗೆ ಆಶಾ ದಿನವೂ ಮನೆ ಭೇಟಿ ಮಾಡಲಿ, ನಲ್ಲಿಯ ಕ್ಲೋರಿನ್ ದಿನವೂ ಪುಸ್ತಕಕ್ಕೆ ಏರಲಿ. ಒಡೆದ ಪೈಪ್ ಬದಲಾದ ಮೇಲೆ ಲೈನ್ ತೊಳೆದು, ಅದೇ ನಾಲ್ಕು ಜಾಗದಿಂದ ಮತ್ತೆ ನೀರಿನ ಸ್ಯಾಂಪಲ್ ಕಳಿಸಿ. ಈ ಸಲ ಕ್ಲೋರಿನ್ ಬಿದ್ದ ಮೇಲೆ ಹಿಡಿದದ್ದೋ, ಬೀಳುವ ಮೊದಲೋ ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಮುಂದಿನ ಗ್ರಾಮಸಭೆಯಲ್ಲಿ ನಕ್ಷೆ ಮತ್ತು ಕಂಬಗಳ ಹಾಳೆಯನ್ನು, ಹೆಸರುಗಳನ್ನು ಬಿಟ್ಟು, ಎಲ್ಲರ ಮುಂದೆ ಇಡಿ. ಚರಂಡಿಯೊಳಗೆ ಇರುವ ಪೈಪ್ ಎಷ್ಟು ಮೀಟರ್, ಯಾವ ತಿಂಗಳೊಳಗೆ ಬದಲಾಗುತ್ತದೆ ಅಂತ ನಡಾವಳಿಯಲ್ಲಿ ಬರೆಸಿ. ನಕ್ಷೆಯ ಒಂದು ಪ್ರತಿಯನ್ನು ನೀರಗಂಟಿಗೆ ಕೊಡಿ, ಅವರ ನಂತರ ಬರುವವರಿಗೂ ಅದು ಬೇಕಾಗುತ್ತದೆ.